ಗವನ್‌ನ ಬಾಡಿಗೆ ಮುಷ್ಕರ: ಮೆಟ್ಟಿಲು ಹತ್ತಿ ಹೇಳಿದ ಇತಿಹಾಸ

ಗ್ಲಾಸ್ಗೋದಲ್ಲಿರುವ ಕನ್ನಡದವರಿಗಾಗಿ ನಾನು ಆಗಾಗ ಒಂದು ನಡಿಗೆ ಏರ್ಪಡಿಸುತ್ತೇನೆ. ವಿಷಯ, 1915ರಲ್ಲಿ ಇಲ್ಲಿನ ಗವನ್ ಎಂಬ ಕಾರ್ಮಿಕರ ಬಡಾವಣೆಯಲ್ಲಿ ಹೆಂಗಸರು ನಡೆಸಿದ ಬಾಡಿಗೆ ಮುಷ್ಕರ. ಇದನ್ನು ಹೇಗೆ ಕಟ್ಟಿದೆ ಎಂದು ಹಲವರು ಕೇಳಿದ್ದರಿಂದ ಬರೆಯುತ್ತಿದ್ದೇನೆ.

ತಯಾರಿಗೆ ಮೊದಲು ಹಿಡಿದದ್ದು ವ್ಯಾಲ್ಯುಯೇಷನ್ ರೋಲ್ ಎನ್ನುವ ಹಳೆಯ ಆಸ್ತಿ ತೆರಿಗೆ ಪಟ್ಟಿ. 1915ರದ್ದು ಆನ್‌ಲೈನ್‌ನಲ್ಲೇ ಸಿಗುತ್ತದೆ. ಒಂದೊಂದು ಮನೆಗೂ ಮಾಲೀಕ ಯಾರು, ಬಾಡಿಗೆಗೆ ಇದ್ದವರು ಯಾರು, ಅವರ ಕಸುಬೇನು, ವರ್ಷದ ಬಾಡಿಗೆ ಎಷ್ಟು, ಎಲ್ಲ ಅದರಲ್ಲಿದೆ. ಒಂದು ಬೀದಿಯ ಪುಟ ಓದುತ್ತಾ ಹೋದರೆ ಆ ಕಾಲದ ಹಡಗುಕಟ್ಟೆಯೇ ಕಣ್ಣಮುಂದೆ ಬರುತ್ತದೆ. ಆದರೆ ಹೆಚ್ಚಿನ ಮನೆಗಳಲ್ಲಿ ಗಂಡನ ಹೆಸರಷ್ಟೇ ಇದೆ. ಮುಷ್ಕರ ನಡೆಸಿದ ಹೆಂಡತಿ ಆ ಪುಸ್ತಕದಲ್ಲೇ ಇಲ್ಲ. ಅವಳನ್ನು ಹುಡುಕಲು ಮಿಚೆಲ್ ಲೈಬ್ರರಿಗೆ ಹೋಗಿ ಅಂದಿನ ಪತ್ರಿಕೆಗಳನ್ನು ತಿರುವಬೇಕಾಯಿತು.

ಹಿನ್ನೆಲೆಯನ್ನು ನಾನು ಚುಟುಕಾಗಿ ಮುಗಿಸುತ್ತೇನೆ. ಮೊದಲ ಮಹಾಯುದ್ಧ ಶುರುವಾಗಿ ಹಡಗುಕಟ್ಟೆಗಳಿಗೆ, ಮದ್ದುಗುಂಡಿನ ಕಾರ್ಖಾನೆಗಳಿಗೆ ಸಾವಿರಾರು ಕೆಲಸಗಾರರು ಬಂದು ಸೇರಿದರು, ಹೊಸ ಮನೆಗಳು ಏಳಲಿಲ್ಲ. ಮಾಲೀಕರ ಪರವಾಗಿ ವಸೂಲಿ ಮಾಡುವ ಏಜೆಂಟರು (ಇಲ್ಲಿ ಅವರಿಗೆ ಫ್ಯಾಕ್ಟರ್ ಅನ್ನುತ್ತಾರೆ) ಕೆಲವು ಕಡೆ ಶೇ. 25ರವರೆಗೂ ಬಾಡಿಗೆ ಏರಿಸಿದರು. ಗಂಡಂದಿರು ರಣರಂಗದಲ್ಲಿದ್ದ ಮನೆಗಳನ್ನೂ ಬಿಡಲಿಲ್ಲ.

ಒಮ್ಮೆ ಮಗನ ಮನೆಗೆಂದು ಬಂದಿದ್ದ ಹುಬ್ಬಳ್ಳಿಯ ಹಿರಿಯರೊಬ್ಬರು ನಡಿಗೆಗೆ ಬಂದಿದ್ದರು. "ಬಾಡಗಿ ಕೊಡೂದಿಲ್ಲ ಅಂದ್ರ ಸಾಮಾನು ಹೊರಗ ಒಗದು ಕೀಲಿ ಹಾಕತಾರಲ್ರೀ, ಇವ್ರು ಹೆಂಗ ಉಳಕೊಂಡ್ರು?" ಅಂದರು. ಅಂದಿನಿಂದ ನಡಿಗೆಯನ್ನೆಲ್ಲ ಆ ಪ್ರಶ್ನೆಯ ಸುತ್ತಲೇ ಕಟ್ಟಿದ್ದೇನೆ.

ಉತ್ತರ ಅವರು ವಾಸವಿದ್ದ ಟೆನೆಮೆಂಟ್ ಕಟ್ಟಡದೊಳಗೇ ಇದೆ. ಟೆನೆಮೆಂಟ್ ಎಂದರೆ ನಮ್ಮ ವಠಾರವನ್ನು ಮೂರು ನಾಲ್ಕು ಮಹಡಿಗೆ ಎತ್ತಿ ನಿಲ್ಲಿಸಿದಂತೆ. ಎಲ್ಲರಿಗೂ ಒಂದೇ ಬಾಗಿಲು, ಒಂದೇ ಕಲ್ಲಿನ ಮೆಟ್ಟಿಲು, ಹಿಂದೆ ಬಟ್ಟೆ ಒಗೆಯುವ ಮನೆ. ಒಗೆಯಲು ಸರದಿಯಿದ್ದುದರಿಂದ ಯಾರ ಮನೆಯಲ್ಲಿ ಏನು ನಡೆದಿದೆ ಎಂಬುದು ಎಲ್ಲ ಹೆಂಗಸರಿಗೂ ಗೊತ್ತು. ಸಭೆಗಳು ಅಡುಗೆಮನೆಯಲ್ಲಿ, ಹಿತ್ತಲಲ್ಲಿ ಸೇರುತ್ತಿದ್ದವು. ಕಿಟಕಿಗಳಲ್ಲಿ "ಬಾಡಿಗೆ ಏರಿಕೆಯ ವಿರುದ್ಧ ಮುಷ್ಕರ, ನಾವು ಮನೆ ಬಿಡುವುದಿಲ್ಲ" ಎಂಬ ಚೀಟಿ. ಬಾಗಿಲಲ್ಲಿ ಒಬ್ಬಾಕೆ ಗಂಟೆ ಹಿಡಿದು ಕಾವಲು. ಮನೆ ಖಾಲಿ ಮಾಡಿಸಲು ಕೋರ್ಟಿನ ಅಮೀನ ಕಾಣಿಸಿಕೊಂಡರೆ ಗಂಟೆ ಬಾರಿಸುವುದು, ಎಲ್ಲರೂ ಕೈಲಿದ್ದ ಕೆಲಸ ಬಿಟ್ಟು ಮೆಟ್ಟಿಲಿಗೆ ಓಡಿ ಬರುವುದು. ಅವನ ಮೇಲೆ ಹಿಟ್ಟಿನ ಪೊಟ್ಟಣ, ಒದ್ದೆ ಬಟ್ಟೆ ಬೀಳುತ್ತಿದ್ದವು.

ಇದನ್ನು ಬಾಯಲ್ಲಿ ಹೇಳಿದರೆ ಸಾಲದು. ನಿವಾಸಿಗಳ ಒಪ್ಪಿಗೆ ಪಡೆದು, ಒಂದು ಕಟ್ಟಡದೊಳಗೆ ಗುಂಪನ್ನು ಕರೆದೊಯ್ದು, ಅರ್ಧ ಜನರನ್ನು ಮೇಲಿನ ಮಹಡಿಗೆ ಕಳಿಸಿ, ಕೆಳಗೆ ಒಂದು ಕೈಗಂಟೆ ಬಾರಿಸುತ್ತೇನೆ. ಕಲ್ಲಿನ ಗೋಡೆಗೆ ಬಡಿದು ಸದ್ದು ಹೇಗೆ ಏರುತ್ತದೆಂದರೆ ಮೇಲಿದ್ದವರು ತಾವಾಗಿಯೇ ಕಟಕಟೆಗೆ ಬಂದು ಇಣುಕುತ್ತಾರೆ. ಅಲ್ಲಿಂದ ನೋಡಿದರೆ ಕೆಳಗೆ ನಿಂತವನ ನೆತ್ತಿ ಮಾತ್ರ ಕಾಣುತ್ತದೆ. ಇಕ್ಕಟ್ಟಾದ ಆ ಮೆಟ್ಟಿಲಲ್ಲಿ ಅಮೀನ ಹಿಂದೆ ಸರಿಯದೆ ಬೇರೆ ದಾರಿಯಿರಲಿಲ್ಲ ಎಂದು ಯಾರಿಗಾದರೂ ತಿಳಿಯುತ್ತದೆ.

ಇನ್ನೊಂದು ಮಾತು ಒತ್ತಿ ಹೇಳುತ್ತೇನೆ: ಅವರು ಕೊಡುವುದಿಲ್ಲ ಎಂದದ್ದು ಏರಿಸಿದ ಮೊತ್ತವನ್ನಷ್ಟೇ, ಹಳೆಯ ಬಾಡಿಗೆ ಕೊಡಲು ಸಿದ್ಧರಿದ್ದರು. ನ್ಯಾಯ ತಮ್ಮ ಕಡೆಗಿದೆ ಎಂದು ಗಟ್ಟಿಯಾಗಿ ನಿಲ್ಲಲು ಇದೇ ಬಲ. ಮುಂದಾಳುಗಳಲ್ಲಿ ಮೇರಿ ಬಾರ್ಬರ್ ಎದ್ದು ಕಾಣುತ್ತಾರೆ. 1875ರಲ್ಲಿ ಹುಟ್ಟಿದವರು, ಜಮಖಾನ ನೇಯುವವರ ಮಗಳು, ಹಡಗುಕಟ್ಟೆಯ ಕೆಲಸಗಾರನ ಹೆಂಡತಿ. ಹೆಲೆನ್ ಕ್ರಾಫರ್ಡ್, ಆಗ್ನೆಸ್ ಡಾಲನ್ ಕೂಡ ಜೊತೆಗಿದ್ದರು. ಆ ವರ್ಷದ ನವೆಂಬರ್ ಹೊತ್ತಿಗೆ ನಗರದಲ್ಲಿ ಸುಮಾರು 20,000 ಕುಟುಂಬಗಳು ಮುಷ್ಕರದಲ್ಲಿದ್ದವು.

ಮನೆ ಬಿಡಿಸಲಾಗದೆ ಏಜೆಂಟರು ದಾರಿ ಬದಲಿಸಿದರು. ಬಾಕಿಯನ್ನು ಸಾಲವೆಂದು ತೋರಿಸಿ, ಸಂಬಳದಿಂದಲೇ ಮುರಿದುಕೊಳ್ಳಲು ದಾವೆ ಹೂಡಿದರು. ಹೀಗೆ ಪಾರ್ಟಿಕ್ ಪ್ರದೇಶದ 18 ಕೆಲಸಗಾರರಿಗೆ ಸಮನ್ಸ್ ಬಂತು. ಈ ಹೆಜ್ಜೆ ಏಜೆಂಟರಿಗೇ ತಿರುಗಿಬಿತ್ತು ಅನ್ನುವುದು ನನ್ನ ಅಭಿಪ್ರಾಯ, ಏಕೆಂದರೆ ಮೆಟ್ಟಿಲ ಜಗಳ ಅಲ್ಲಿಗೆ ಕಾರ್ಖಾನೆಗೂ ಹಬ್ಬಿತು. 1915ರ ನವೆಂಬರ್ 17ರಂದು ಹೆಂಗಸರ ಜೊತೆ ಹಡಗುಕಟ್ಟೆಯ ಗಂಡಸರೂ ಕೆಲಸ ಬಿಟ್ಟು ಸಾವಿರಾರು ಸಂಖ್ಯೆಯಲ್ಲಿ ಕೋರ್ಟಿಗೆ ನಡೆದರು. ಯುದ್ಧಕಾಲದಲ್ಲಿ ಹಡಗು ಕಟ್ಟುವುದು ನಿಂತರೆ ಗತಿಯೇನು? ಮದ್ದುಗುಂಡು ಸಚಿವ ಲಾಯ್ಡ್ ಜಾರ್ಜ್ ಅವರವರೆಗೂ ವಿಷಯ ಹೋಗಿ, ದಾವೆ ಬಿದ್ದುಹೋಯಿತು. ಡಿಸೆಂಬರ್ ಮುಗಿಯುವುದರೊಳಗೆ ಸಣ್ಣ ಮನೆಗಳ ಬಾಡಿಗೆಯನ್ನು 1914ರ ಆಗಸ್ಟಿನ ಮಟ್ಟಕ್ಕೆ ಕಟ್ಟಿಹಾಕುವ ಕಾಯ್ದೆ ಇಡೀ ಬ್ರಿಟನ್ನಿಗೆ ಬಂತು. 1918ರಲ್ಲಿ ಮುಂಬಯಿಯಲ್ಲೂ ಯುದ್ಧಕಾಲದ ಬಾಡಿಗೆ ನಿರ್ಬಂಧ ಕಾಯ್ದೆ ಬಂದಾಗ ಅದರ ಹೆಸರಲ್ಲೂ ಬ್ರಿಟನ್ ಕಾಯ್ದೆಯ ಛಾಯೆ ಇತ್ತು.

ನೀವೂ ಇಂಥ ನಡಿಗೆ ಕಟ್ಟುವುದಾದರೆ ಗವನ್ ಕ್ರಾಸ್‌ನಲ್ಲಿ ಶುರು ಮಾಡಿ. ಬಾರ್ಬರ್ ಮುಂದೆ, ಜನ ಹಿಂದೆ ಸಾಲಾಗಿ ನಡೆಯುತ್ತಿರುವ ಕಂಚಿನ ಪ್ರತಿಮೆ 2018ರ ಮಾರ್ಚ್ 8ರಿಂದ ಅಲ್ಲಿದೆ. ಆದರೆ ಹೆಚ್ಚು ಹೊತ್ತನ್ನು ಮೆಟ್ಟಿಲಲ್ಲಿ, ಹಿತ್ತಲಲ್ಲಿ ಕಳೆಯಿರಿ. ಕೋರ್ಟಿದ್ದ ಬ್ರನ್ಸ್‌ವಿಕ್ ಬೀದಿಯನ್ನು ಕೊನೆಗೆ ಇಟ್ಟುಕೊಳ್ಳಿ. ಗವನ್‌ನಿಂದ ಸಬ್‌ವೇ ಹಿಡಿದು ಸೇಂಟ್ ಈನಕ್‌ನಲ್ಲಿ ಇಳಿದರೆ ಅಲ್ಲಿಗೆ ನಡೆದೇ ಹೋಗಬಹುದು.