ಅಜ್ಜಿಯ ಭುಜದ ಮೇಲಿದ್ದ ನಾಲ್ಕು ಬೆರಳು

ನಮ್ಮದು ಕೊರಟಗೆರೆ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿನ ಹಳೇ ಮನೆಯ ನಡುಮನೆಯಲ್ಲಿ ಅಜ್ಜಿಯ ಒಂದೇ ಒಂದು ಫೋಟೋ ಇದೆ. ಪಿತೃಪಕ್ಷ ಬಂದಾಗ ಮಾತ್ರ ಅದನ್ನು ಮೊಳೆಯಿಂದ ಇಳಿಸುತ್ತೇವೆ. ಒರೆಸಿ, ಕುಂಕುಮ ಇಟ್ಟು, ಹಾರ ಹಾಕಿ, ಮುಂದೆ ಎಡೆ ಇಡುತ್ತೇವೆ. ಮರುದಿನ ಮತ್ತೆ ಮೊಳೆಗೆ. ನಾನು ಹುಟ್ಟುವ ಮೊದಲೇ ಅಜ್ಜಿ ತೀರಿಕೊಂಡಿದ್ದರು. ಹಾಗಾಗಿ ನನಗೆ ಅಜ್ಜಿ ಅಂದರೆ ಆ ಫೋಟೋನೇ.

ಮೂರು ವರ್ಷದ ಹಿಂದೆ ಒರೆಸುವ ಕೆಲಸ ನನ್ನ ಪಾಲಿಗೆ ಬಂತು. ಹಾರವಿಲ್ಲದೆ, ಬಾಗಿಲ ಬೆಳಕಿನಲ್ಲಿ, ಅಷ್ಟು ಹತ್ತಿರದಿಂದ ಅದನ್ನು ನೋಡಿದ್ದು ಅವತ್ತೇ ಮೊದಲು. ಅಜ್ಜಿಯ ಎಡ ಭುಜದ ಮೇಲೆ ಸೀರೆಯ ನೆರಿಗೆ ಅಂತ ನಾನು ಅಂದುಕೊಂಡಿದ್ದು ನೆರಿಗೆ ಆಗಿರಲಿಲ್ಲ. ನಾಲ್ಕು ಬೆರಳು! ಅವುಗಳ ಹಿಂದೆ ಕೈಯೂ ಇಲ್ಲ, ಮನುಷ್ಯರೂ ಇಲ್ಲ. ಬರೀ ಬೂದು ಬಣ್ಣ. ಯಾರೋ ಬ್ರಷ್ ಹಿಡಿದು ಬಳಿದ ಗುರುತು ಅಲ್ಲಲ್ಲಿ ಕಾಣುತ್ತಿತ್ತು.

ಅಪ್ಪನಿಗೆ ತೋರಿಸಿದೆ. "ಯಾರದೋ ಇರಬೇಕು ಬಿಡು" ಅಂದರು. ನನಗೆ ಬಿಡೋಕೆ ಆಗಲಿಲ್ಲ.

ಮೊದಲು ಫ್ರೇಮಿನ ಹಿಂದಿನ ಹಲಗೆ ತೆಗೆದೆ. ಹಿಂದುಗಡೆ ಏನಾದರೂ ಬರೆದಿರಬಹುದು ಅನ್ನೋ ಆಸೆ. ಏನೂ ಇರಲಿಲ್ಲ. ಫೋಟೋದ ಒಂದು ಮೂಲೆ ಗಾಜಿಗೆ ಅಂಟಿಕೊಂಡಿತ್ತು. ಇಂಥ ಕಡೆ ಎಳೆಯಬಾರದು, ನೀರನ್ನೂ ತಾಕಿಸಬಾರದು. ಹಳೇ ಫೋಟೋದ ಮೇಲ್ಪದರ ಜೆಲಟಿನ್. ತೇವ ಕುಡಿದರೆ ಗಾಜನ್ನು ಹಿಡಿದುಬಿಡುತ್ತದೆ. ಎಳೆದರೆ ಮುಖ ಗಾಜಿನಲ್ಲೇ ಉಳಿದು ಬರೀ ಕಾಗದ ಕೈಗೆ ಬರುತ್ತದೆ. ಹಾಗಾಗಿ ಗಾಜಿನ ಸಮೇತ ಜಗಲಿಗೆ ತಂದು, ನೆರಳಿನಲ್ಲಿ ಇಟ್ಟು, ಫ್ಲ್ಯಾಶ್ ಇಲ್ಲದೆ ಮೊಬೈಲಿನಲ್ಲಿ ತೆಗೆದೆ. ನನ್ನ ಬೆನ್ನ ಹಿಂದೆ ತಂಗಿ ಒಂದು ಕಪ್ಪು ಕಂಬಳಿ ಹಿಡಿದು ನಿಂತಿದ್ದಳು. ಹಾಗೆ ಮಾಡಿದರೆ ಗಾಜಿನಲ್ಲಿ ಹಿಂದಿನ ಆಕಾಶ, ಮನೆ ಬೀಳುವುದಿಲ್ಲ.

ಆಮೇಲೆ ಒಂದು ತಪ್ಪು ಮಾಡಿದೆ. ಆ ಚಿತ್ರವನ್ನು ಒಂದು ಸ್ಟುಡಿಯೋಗೆ ಕೊಟ್ಟು ಸರಿ ಮಾಡಿಸಿದೆ. ಕಂಪ್ಯೂಟರಿನಲ್ಲಿ ಬಣ್ಣ ಹಾಕಿ ಕೊಟ್ಟರು. ಅಜ್ಜಿಯ ಮುಖ ನುಣ್ಣಗಾಗಿತ್ತು, ಮೂಗುಬೊಟ್ಟು ಮಾಯವಾಗಿತ್ತು, ಸೀರೆ ಗುಲಾಬಿಯಾಗಿತ್ತು. ಆ ನಾಲ್ಕು ಬೆರಳೂ ಹೋಗಿದ್ದವು. ಅವರು ಅದನ್ನು ಕಲೆ ಅಂದುಕೊಂಡಿರಬೇಕು. ನೋಡಿ ತುಂಬಾ ಸಂಕಟವಾಯಿತು. ಕಪ್ಪು ಬಿಳುಪು ಫೋಟೋದಲ್ಲಿ ಸೀರೆ ಯಾವ ಬಣ್ಣದ್ದು ಅಂತ ಯಾವ ಯಂತ್ರಕ್ಕೂ ಗೊತ್ತಾಗುವುದಿಲ್ಲ, ಸುಮ್ನೆ ಊಹೆ ಮಾಡುತ್ತದೆ. ಊಹೆಯನ್ನು ನಾವು ನೆನಪು ಅಂತ ಗೋಡೆಗೆ ಹಾಕಿಬಿಡುತ್ತೇವೆ. ಮೊದಲು ತೆಗೆದ ಚಿತ್ರ ಹಾಗೇ ಬೇರೆ ಕಡೆ ಇಟ್ಟಿದ್ದೆ, ಅದರಿಂದ ಬಚಾವಾದೆ.

ಸುಗ್ಗಿ ಮುಗಿದ ಮೇಲೆ ಊರಿಗೆ ಹೆಳವರು ಬಂದರು. ಮನೆತನದ ವಂಶಾವಳಿ ಹೇಳುವವರು ಅವರೇ ಅಲ್ವಾ? ಮೊದಲೆಲ್ಲ ಎತ್ತಿನ ಮೇಲೆ ಕೂತು ಬರುತ್ತಿದ್ದರಂತೆ, ಈಗ ಬೈಕಿನಲ್ಲಿ ಬಂದರು. ತಾತನ ತಾತನ ಹೆಸರು, ಅವರು ಯಾವ ಊರು ಬಿಟ್ಟು ಇಲ್ಲಿಗೆ ಬಂದರು, ಎಲ್ಲ ನಿಲ್ಲಿಸದೆ ಹೇಳಿದರು. ನಾನು ರೆಕಾರ್ಡ್ ಮಾಡಿಕೊಂಡೆ. ಅಜ್ಜಿಯ ವಿಷಯ ಕೇಳಿದೆ. "ಅದು ಅವರ ತವರುಮನೆ ಲೆಕ್ಕ ಕಣವ್ವ, ಆ ಮನೆ ಹೆಳವ ಬೇರೆ" ಅಂದರು. ತಾತನ ಕಡೆ ಐದು ತಲೆಮಾರು ಸಿಕ್ಕಿತು. ಅಜ್ಜಿಯ ಕಡೆ ಒಂದೂ ಇಲ್ಲ.

ಕೊನೆಗೆ ಸೋದರತ್ತೆಯನ್ನು ಕೇಳಿದೆ. ಅತ್ತೆಯನ್ನು ಕೊಟ್ಟಿದ್ದು ಗುಬ್ಬಿಗೆ. "ಇದು ಯಾರ ಕೈ ಅತ್ತೆ?" ಅಂದರೆ ಅವರಿಗೂ ನೆನಪಾಗಲಿಲ್ಲ. ಮಾತು ಬೇರೆ ಕಡೆ ತಿರುಗಿಸಿದೆ. ಅಜ್ಜಿಯ ಸೀರೆ ಯಾವ ಬಣ್ಣ ಇತ್ತು ಅಂದೆ. ಅಲ್ಲಿಂದ ಬಾಯಿ ಬಿಚ್ಚಿತು. "ಗಿಣಿ ಹಸಿರು ಕಣೆ, ಕೆಂಪಂಚು. ಒಂದೇ ಥರದ ಎರಡು ಸೀರೆ ತಂದಿದ್ರಂತೆ, ಇಬ್ಬರಿಗೂ." ಇಬ್ಬರು ಯಾರು? "ಅಮ್ಮಂಗೂ ದೊಡ್ಡಮ್ಮಂಗೂ." ಅತ್ತೆ ಒಂದು ಕ್ಷಣ ಸುಮ್ಮನಾದರು. ಫೋಟೋ ಮತ್ತೆ ಕೈಗೆ ತೆಗೆದುಕೊಂಡರು. "ಅಯ್ಯೋ, ಇದು ದೊಡ್ಡಮ್ಮನ ಕೈ ಅಲ್ವೇನೆ?"

ಹಳಬರ ಹತ್ತಿರ "ಇದು ಯಾರು" ಅಂತ ಕೇಳಿದರೆ ಪರೀಕ್ಷೆಗೆ ಕೂರಿಸಿದ ಹಾಗಾಗುತ್ತದೆ. ಸೀರೆ, ಬಳೆ, ದನ, ಹಿತ್ತಲು, ಅವತ್ತು ಏನು ಅಡುಗೆ ಮಾಡಿದ್ದರು, ಇಂಥದ್ದು ಕೇಳಿದರೆ ಹೆಸರು ತಾನೇ ಬರುತ್ತದೆ. ಅವತ್ತು ಇದನ್ನು ಕಲಿತೆ.

ಅಜ್ಜಿಗೆ ಒಬ್ಬ ಅಕ್ಕ ಇದ್ದರು ಅನ್ನೋದೇ ನನಗೆ ಗೊತ್ತಿರಲಿಲ್ಲ. ಮಳೆ ಕೈಕೊಟ್ಟ ಒಂದು ವರ್ಷ ಅವರು ಗಂಡನ ಜೊತೆ ಘಟ್ಟಕ್ಕೆ, ಕಾಫಿ ತೋಟದ ಕೆಲಸಕ್ಕೆ ಹೋದರಂತೆ. ನಮ್ಮ ಕಡೆಯಿಂದ ಹಾಗೆ ಹೋದವರು ಬಹಳ ಜನ. ಆಮೇಲೆ ಹೋಗಿಬರುವುದು ಕಡಿಮೆಯಾಯಿತು. ಅಜ್ಜಿ ತೀರಿಕೊಂಡ ಮೇಲೆ ಪೂರ್ತಿ ನಿಂತಿತು. ಆ ಕೈಯನ್ನು ಬಳಿದು ಅಳಿಸಿದ್ದು ಯಾಕೆ? ಜಗಳ, ಇಲ್ಲವೇ ಜಮೀನಿನ ವಿಷಯ ಅಂತ ನಾನೇ ಮನಸ್ಸಿನಲ್ಲಿ ಒಂದು ಕತೆ ಕಟ್ಟಿಕೊಂಡೆ.

ದೊಡ್ಡಜ್ಜಿಯ ಮೊಮ್ಮಗ ಮೂಡಿಗೆರೆ ಕಡೆ ಇದ್ದಾನೆ ಅಂತ ಗೊತ್ತಾಗಲು ಎಂಟು ತಿಂಗಳು ಹಿಡಿಯಿತು. ಮದುವೆ, ತಿಥಿ, ಗೃಹಪ್ರವೇಶ, ಎಲ್ಲಿ ಹೋದರೂ ಕೇಳುತ್ತಿದ್ದೆ. ಕೊನೆಗೆ ಮಧುಗಿರಿಯ ಒಂದು ಮದುವೆಯಲ್ಲಿ ಫೋನ್ ನಂಬರ್ ಸಿಕ್ಕಿತು. ತಿಪಟೂರು, ಅರಸೀಕೆರೆ, ಕಡೂರು ದಾಟಿ ಬಸ್ಸಿನಲ್ಲಿ ಹೋದೆವು. ಅಪ್ಪನೂ ಬಂದರು. ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ.

ಅವರ ಮನೆಯಲ್ಲಿ ಕಪ್ಪು ಕಾಗದದ ಹಳೇ ಆಲ್ಬಂ ಇತ್ತು. ಮಲೆನಾಡಿನ ಮಳೆಗೆ ಹಾಳೆಗಳ ಮೇಲೆ ಬೂಷ್ಟು ಹಿಡಿದಿತ್ತು. ಆದರೆ ಫೋಟೋಗಳನ್ನು ಗೋಂದು ಹಚ್ಚದೆ ನಾಲ್ಕು ಮೂಲೆಗೆ ಕಾಗದದ ತುಣುಕು ಸಿಗಿಸಿ ಕೂರಿಸಿದ್ದರು. ಸಲೀಸಾಗಿ ಹೊರಗೆ ಬಂದವು. ಆಮೇಲೆ ಬಂದ, ಪ್ಲಾಸ್ಟಿಕ್ ಹಾಳೆ ಎತ್ತಿ ಅಂಟಿಸುವ ಆಲ್ಬಂಗಳಿಗಿಂತ ಇವು ಎಷ್ಟೋ ವಾಸಿ.

ಮೂರನೇ ಹಾಳೆಯಲ್ಲಿ ಅದು ಇತ್ತು. ಅಂಗೈಯಷ್ಟಗಲದ್ದು, ಅಂಚು ಅಲೆ ಅಲೆಯಾಗಿ ಕತ್ತರಿಸಿದ್ದು. ಹಿಂದೆ ಬಣ್ಣ ಬಳಿದ ಪರದೆ, ಅದರಲ್ಲಿ ಮೆಟ್ಟಿಲು, ಹೂಕುಂಡ. ಅಜ್ಜಿ ಕುರ್ಚಿಯಲ್ಲಿ ಕೂತಿದ್ದಾರೆ. ತೊಡೆಯ ಮೇಲೆ ನಮ್ಮಪ್ಪ. ಪಕ್ಕದಲ್ಲಿ ತಾತ, ಗಡಿಯಾರ ಕಾಣಲಿ ಅಂತ ಎಡಗೈ ಮುಂದೆ ಮಡಿಸಿ ನಿಂತಿದ್ದಾರೆ. ಅಜ್ಜಿಯ ಹಿಂದೆ ಅದೇ ಸೀರೆ ಉಟ್ಟ ದೊಡ್ಡಜ್ಜಿ, ತಂಗಿಯ ಭುಜದ ಮೇಲೆ ಕೈ ಇಟ್ಟಿದ್ದಾರೆ. ಮುಂಗೈ ಮೇಲೆ ಹಚ್ಚೆ. ಅಜ್ಜಿಯ ಮುಂಗೈ ಮೇಲೂ ಅದೇ ಹಚ್ಚೆ. ತುದಿಯಲ್ಲಿ ಸುಮಾರು ಎಂಟು ವರ್ಷದ ಒಬ್ಬ ಹುಡುಗಿ.

ಅಪ್ಪ ಆ ಫೋಟೋವನ್ನು ಬಹಳ ಹೊತ್ತು ಹಿಡಿದುಕೊಂಡೇ ಇದ್ದರು. ಅವರ ಅಮ್ಮ ನಗುತ್ತಿರುವುದನ್ನು ಅವರು ನೋಡಿದ್ದು ಅವತ್ತು. ನಮ್ಮ ಮನೆಯ ಫೋಟೋದಲ್ಲಿ ಆ ನಗು ಟಚಪ್ಪಿನಲ್ಲಿ ಗಟ್ಟಿಯಾಗಿಬಿಟ್ಟಿತ್ತು.

ಯಾವ ವರ್ಷದ್ದು ಅನ್ನೋದಕ್ಕೆ ಆ ಗಡಿಯಾರ ಸಹಾಯ ಮಾಡಿತು. ಅದು ಈಗಲೂ ನಮ್ಮ ಟ್ರಂಕಿನಲ್ಲಿದೆ, ಎಚ್‌ಎಂಟಿ. ತಾತ ಕಟ್ಟಿದ ಮೊದಲ ಗಡಿಯಾರ ಅದು. ತುಮಕೂರಿನ ಕಾರ್ಖಾನೆ ಬಂದದ್ದು ಆಮೇಲೆ, ಬೆಂಗಳೂರಿನಲ್ಲಿ ಎಚ್‌ಎಂಟಿ ಗಡಿಯಾರ ಮಾಡಲು ಶುರುವಾದದ್ದು 1961ರಲ್ಲಿ. ಅದಕ್ಕಿಂತ ಹಿಂದಿನ ಫೋಟೋ ಅಂತೂ ಅಲ್ಲ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅಪ್ಪ ಹುಟ್ಟಿದ್ದು 1959ರ ಜೂನ್ 1. ಆ ಕಾಲದಲ್ಲಿ ಹಳ್ಳಿ ಮಕ್ಕಳಿಗೆ ಮೇಷ್ಟ್ರು ಅಂದಾಜಿನಲ್ಲಿ ಬರೆದ ತಾರೀಕು ಜಾಸ್ತಿ. ಅದನ್ನು ಪೂರ್ತಿ ನಂಬಬಾರದು. ಆದರೂ ತೊಡೆಯ ಮೇಲಿನ ಮಗುವಿಗೆ ಮೂರು ನಾಲ್ಕು ವರ್ಷ ಇರಬಹುದು. 1962, 63 ಅಂತ ಇಟ್ಟುಕೊಂಡಿದ್ದೇನೆ.

ಹಿಂದುಗಡೆ ಸ್ಟುಡಿಯೋದ ಮೊಹರು, ಪೆನ್ಸಿಲಿನಲ್ಲಿ ನೆಗೆಟಿವ್ ನಂಬರ್. ತುಮಕೂರಿನಲ್ಲಿ ಆ ಸ್ಟುಡಿಯೋ ಈಗಿಲ್ಲ. ಆ ಕಾಲದಿಂದ ಕೆಲಸ ಮಾಡಿದ ಒಬ್ಬ ಫೋಟೋಗ್ರಾಫರನ್ನು ಕೇಳಿದೆ. ಎಷ್ಟೋ ಅಂಗಡಿಗಳ ಹಳೇ ನೆಗೆಟಿವ್‌ಗಳು ಬೆಳ್ಳಿ ತೆಗೆಯುವವರಿಗೆ ಕೆಜಿ ಲೆಕ್ಕದಲ್ಲಿ ಹೋದವಂತೆ. ಫಿಲಮ್ಮಿನಲ್ಲಿ ಬೆಳ್ಳಿ ಇರುತ್ತದಲ್ಲ. ಎಷ್ಟು ಮನೆಗಳ ಅಜ್ಜಿಯರು ಹಾಗೆ ಕರಗಿಹೋದರೋ.

ಆ ಫೋಟೋ ಅವರದ್ದು, ಅವರ ಮನೆಯಲ್ಲೇ ಇರಬೇಕು. ಅವರ ಒಪ್ಪಿಗೆ ಕೇಳಿ ಚಿಕ್ಕಮಗಳೂರಿಗೆ ತಂದು ಸ್ಕ್ಯಾನ್ ಮಾಡಿಸಿ, ಅದೇ ಸಂಜೆ ವಾಪಸ್ ಕೊಟ್ಟೆ. ಫೋಟೋ ಚಿಕ್ಕದಾದ್ದರಿಂದ ಇಂಚಿಗೆ 1200 ಚುಕ್ಕೆಯಂತೆ ಮಾಡಿಸಿದೆ, ಟಿಫ್ ಫೈಲಿನಲ್ಲಿ. ಹಿಂದುಗಡೆಯನ್ನೂ ಮಾಡಿಸಿದೆ. ಅದನ್ನು ಬಹಳ ಜನ ಮರೆಯುತ್ತಾರೆ.

ವಾಪಸ್ ಬರುವಾಗ ಗುಬ್ಬಿಯಲ್ಲಿ ಇಳಿದು ಅತ್ತೆಗೆ ತೋರಿಸಿದೆವು. ಅಕ್ಕ ತಂಗಿಗೆ ಏನು ಜಗಳವಾಗಿತ್ತು ಅಂತ ಆಗ ಕೇಳಿದೆ. ಅತ್ತೆಗೆ ಸಿಟ್ಟೇ ಬಂತು. "ಜಗಳ ಯಾಕಾಗುತ್ತೆ? ಅಮ್ಮ ಹೋದಾಗ ತಿಥಿಗೆ ಫೋಟೋ ಬೇಕಿತ್ತು. ಇದೊಂದೇ ಇದ್ದಿದ್ದು. ಅಪ್ಪನ ಜೊತೆ ಸ್ಟುಡಿಯೋಗೆ ನಾನೂ ಹೋಗಿದ್ದೆ. ಬದುಕಿರೋರ ಮೇಲೆ ಹಾರ ಬೀಳಬಾರದು, ಅವಳೊಬ್ಬಳೇ ಬರೋ ಹಂಗೆ ಮಾಡಿಕೊಡಿ ಅಂದ್ರು. ದೊಡ್ಡಮ್ಮ ಆಗ ಗಟ್ಟಿಮುಟ್ಟಾಗಿದ್ಲು. ಅವಳಿಗೆ ಏನೂ ಆಗಬಾರದು ಅಂತ ಕಣೆ ಅಳಿಸಿದ್ದು. ಅಮ್ಮನ ಕೆಲಸ ಮುಗಿದ ಮೇಲೆ ಆ ಚಿಕ್ಕ ಫೋಟೋನ ದೊಡ್ಡಮ್ಮನೇ ತಗೊಂಡು ಹೋದ್ಲು."

ಎರಡು ವರ್ಷ ನಾನು "ಯಾರು" ಅಂತ ಕೇಳಿದ್ದೆ. "ಯಾಕೆ" ಅಂತ ಒಂದು ಸಲವೂ ಕೇಳಿರಲಿಲ್ಲ.

ದೊಡ್ಡಜ್ಜಿ ತೀರಿಕೊಂಡು ಬಹಳ ವರ್ಷವಾಗಿದೆ. ಪೂರ್ತಿ ಫೋಟೋವನ್ನು ದೊಡ್ಡದು ಮಾಡಿಸಿ ಫ್ರೇಮ್ ಹಾಕಿಸಿದೆ. ಗಾಜು ಫೋಟೋಗೆ ತಾಗದ ಹಾಗೆ ನಡುವೆ ದಪ್ಪ ರಟ್ಟಿನ ಚೌಕಟ್ಟು ಕೊಡಿಸಿದೆ. ಅಪ್ಪ ಅದರಲ್ಲಿ ಇದ್ದಾರಲ್ಲ, ಅದಕ್ಕೆ ಅಮ್ಮ ಅದನ್ನು ಎದುರು ಗೋಡೆಗೆ ಹಾಕಿಸಿದರು. ಪಿತೃಪಕ್ಷದಲ್ಲೂ ಅದನ್ನು ಇಳಿಸುವುದಿಲ್ಲ. ಹಾರ ಹಾಕುವುದಿಲ್ಲ.

ಎಲ್ಲರ ಹೆಸರನ್ನೂ ಒಂದು ಕಾಗದದಲ್ಲಿ ಬರೆದು ಫ್ರೇಮಿನ ಹಿಂದೆ ಇಟ್ಟಿದ್ದೇನೆ. ತುದಿಯಲ್ಲಿ ನಿಂತ ಹುಡುಗಿಯ ಹೆಸರಿನ ಜಾಗ ಖಾಲಿ ಇದೆ. ಅತ್ತೆಗೆ ಗೊತ್ತಿಲ್ಲ, ಅಪ್ಪನಿಗೂ ಗೊತ್ತಿಲ್ಲ. ಅಜ್ಜಿಯ ತವರಿನಲ್ಲಿ ತೊಂಬತ್ತು ದಾಟಿದ ಒಬ್ಬರು ಇದ್ದಾರಂತೆ. ಬರುವ ಭಾನುವಾರ ಹೋಗುತ್ತಿದ್ದೇನೆ. ಆ ಹುಡುಗಿಯ ಕಿವಿಯಲ್ಲಿ ಬುಗುಡಿ ಇದೆ, ಅಲ್ಲಿಂದ ಮಾತು ಶುರು ಮಾಡುತ್ತೇನೆ.