ಬೆಂಗಳೂರಿನಿಂದ ಮಂಗಳೂರಿಗೆ: ಉಪಕರಣದ ಪೆಟ್ಟಿಗೆಯೊಂದಿಗೆ ನಾನು ಹಾಕಿದ ಲೆಕ್ಕ

ಲ್ಯಾಬ್ ಯಂತ್ರಗಳ ದುರಸ್ತಿಗಾಗಿ ತಿಂಗಳಿಗೆ ಎರಡು ಬಾರಿಯಾದರೂ ಯಶವಂತಪುರದ ಮನೆಯಿಂದ ಮಂಗಳೂರಿನ ಆಸ್ಪತ್ರೆಗಳಿಗೆ ಹೋಗುವ ನಾನು, ಕಾರಿನಲ್ಲಿ ಹೊರಟರೂ ಬೆಳಗ್ಗೆ ಹತ್ತಕ್ಕೆ ಯಂತ್ರದ ಮುಂದೆ ನಿಲ್ಲಬಲ್ಲೆ ಎಂದಾಗ ಜೊತೆಯ ಎಂಜಿನಿಯರ್‌ಗಳು ನಂಬಲಿಲ್ಲ. ವಿಮಾನದಲ್ಲಿ ಒಂದೇ ಗಂಟೆ ಎಂಬುದು ಅವರ ವಾದ.

ಆ ಒಂದು ಗಂಟೆಯನ್ನು ನಾನು ಬಿಡಿಸಿ ಬರೆದಿಟ್ಟಿದ್ದೇನೆ. ಪಶ್ಚಿಮಕ್ಕೆ ಹೋಗಬೇಕಾದವನು ಮೊದಲು ಈಶಾನ್ಯದ ದೇವನಹಳ್ಳಿಯ ಕಡೆಗೆ ಮೂವತ್ತು ಕಿ.ಮೀ. ಹೋಗಬೇಕು, ಅದಕ್ಕೆ ಒಂದೂಕಾಲು ಗಂಟೆ. ಸ್ಕ್ರೂಡ್ರೈವರ್, ಸ್ಪ್ಯಾನರ್‌ಗಳನ್ನು ಕೈಚೀಲದಲ್ಲಿ ಬಿಡುವುದಿಲ್ಲವಾದ್ದರಿಂದ ಪೆಟ್ಟಿಗೆಯನ್ನು ಕೌಂಟರ್‌ನಲ್ಲಿ ಒಪ್ಪಿಸಲು ಎರಡು ಗಂಟೆ ಮೊದಲೇ ಅಲ್ಲಿರಬೇಕು. ಬಜ್ಪೆಯಲ್ಲಿ ಇಳಿದು ಪೆಟ್ಟಿಗೆಗೆ ಕಾದು ಟ್ಯಾಕ್ಸಿ ಹಿಡಿಯುವಷ್ಟರಲ್ಲಿ ಒಟ್ಟು ಐದು ಗಂಟೆ ದಾಟುತ್ತದೆ. ಹದಿನೈದು ಕಿಲೋ ಮೀರಿದ ತೂಕದ ಹಣ, ಎರಡೂ ಕಡೆಯ ಟ್ಯಾಕ್ಸಿ, ಟಿಕೆಟ್ ಸೇರಿ ಒಂದು ಕಡೆಗೆ ಆರು ಸಾವಿರ ರೂಪಾಯಿಗೆ ಕಡಿಮೆಯಾದದ್ದು ನೆನಪಿಲ್ಲ. ಕಾರಿನಲ್ಲಿ ಇಪ್ಪತ್ತು ಲೀಟರ್ ಡೀಸೆಲ್, ಟೋಲ್ ಸೇರಿ ಎರಡು ಸಾವಿರದ ಇನ್ನೂರರ ಆಸುಪಾಸು.

ರಸ್ತೆಯಲ್ಲಿ ನಾನು ಸೋತದ್ದೂ ಉಂಟು. ಮೊದಲ ಬಾರಿ ಬೆಳಗ್ಗೆ ಆರಕ್ಕೆ ಹೊರಟು ನೆಲಮಂಗಲದ ದಟ್ಟಣೆಯಲ್ಲಿ ಸಿಲುಕಿ, ಶಿರಾಡಿಯಲ್ಲಿ ಗ್ಯಾಸ್ ಟ್ಯಾಂಕರ್‌ಗಳ ಹಿಂದೆ ತೆವಳಿ ಒಂಬತ್ತು ಗಂಟೆ ಕಳೆದೆ. ಎರಡನೆಯ ಬಾರಿ ರಾತ್ರಿ ಹನ್ನೊಂದಕ್ಕೆ ಹೊರಟು ಬೇಗನೆ ತಲುಪಿದೆನಾದರೂ, ನಿದ್ದೆಗೆಟ್ಟ ಕಣ್ಣಿನಲ್ಲಿ ವೈರ್ ಅದಲುಬದಲು ಮಾಡಿ ಬೋರ್ಡ್ ಸುಟ್ಟೆ. ಹದಿನೆಂಟು ಸಾವಿರವನ್ನು ಕೈಯಿಂದಲೇ ತೆತ್ತೆ. ಆ ನಷ್ಟದ ನಂತರವೇ ಒಂಬತ್ತಕ್ಕೆ ಮಲಗಿ ಮೂರೂವರೆಗೆ ಹೊರಡುವ ಕ್ರಮ ಹಿಡಿದೆ. ಆರೂಕಾಲಕ್ಕೆ ಹಾಸನ, ಏಳಕ್ಕೆ ಸಕಲೇಶಪುರ. ಎಂಟರ ಸುಮಾರಿಗೆ ಗುಂಡ್ಯ ದಾಟಿದರೆ ಉಪ್ಪಿನಂಗಡಿ, ಬಿ.ಸಿ.ರೋಡ್ ಮೂಲಕ ಹತ್ತರೊಳಗೆ ಮಂಗಳೂರು. ನೆಲಮಂಗಲಕ್ಕೆ ಮೊದಲು ನಾನು ಹಿಡಿಯುವ ಒಳದಾರಿಯನ್ನೂ ಘಾಟಿ ಇಳಿಯುವ ಮುನ್ನ ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತೇನೆಂಬುದನ್ನೂ ಇಲ್ಲಿ ಬರೆಯುವುದಿಲ್ಲ. ಅವು ನಾನು ದುಡ್ಡು ಕಳೆದುಕೊಂಡು ಕಲಿತವು.

ಈ ನಡುವೆ ಭೂಪಟದ ಮೇಲೊಂದು ಲೆಕ್ಕವನ್ನೂ ಹಾಕಿದೆ. ಎರಡೂ ನಗರಗಳು ಹೆಚ್ಚುಕಡಿಮೆ 13 ಡಿಗ್ರಿ ಅಕ್ಷಾಂಶದಲ್ಲೇ ಇವೆ. ಅಲ್ಲಿ ರೇಖಾಂಶದ ಒಂದು ಡಿಗ್ರಿ ಎಂದರೆ ಸುಮಾರು 108 ಕಿ.ಮೀ. ಅಂತರ 2.75 ಡಿಗ್ರಿಯಾದ್ದರಿಂದ ನೇರ ದೂರ 300 ಕಿ.ಮೀ.ಗೆ ಒಂದೆರಡು ಕಡಿಮೆ. ನನ್ನ ಕಾರಿನ ಮೀಟರ್ ತೋರಿಸುವುದು 350ರ ಆಸುಪಾಸು. ನಡುವೆ ಪಶ್ಚಿಮ ಘಟ್ಟವಿದ್ದರೂ ರಸ್ತೆ ಬಳಸುವುದು ಐವತ್ತೇ ಕಿ.ಮೀ. ಎಂಬುದು ನನಗೆ ಇಂದಿಗೂ ಸೋಜಿಗ.

ಕಳೆದ ಡಿಸೆಂಬರ್‌ನಲ್ಲಿ ಒಂದೇ ಆಸ್ಪತ್ರೆಗೆ ಸಹೋದ್ಯೋಗಿ ಬೆಳಗಿನ ವಿಮಾನದಲ್ಲಿಯೂ ನಾನು ಕಾರಿನಲ್ಲಿಯೂ ಹೊರಟೆವು. ದೇವನಹಳ್ಳಿಯ ಮಂಜಿನಲ್ಲಿ ವಿಮಾನ ತಡವಾಯಿತು. ಅವರು ಬಂದಾಗ ನಾನು ಯಂತ್ರದ ಕವಚ ಬಿಚ್ಚಿ ಪಂಪ್ ಹೊರತೆಗೆದಿದ್ದೆ. ಅಂದಿನಿಂದ ಅವರೂ ಹೊರಡುವ ಸಮಯವನ್ನು ನನ್ನನ್ನೇ ಕೇಳುತ್ತಾರೆ.

ಜುಲೈ, ಆಗಸ್ಟ್‌ನಲ್ಲಿ ಮಾತ್ರ ಈ ಕ್ರಮವನ್ನು ಕೈಬಿಡುತ್ತೇನೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಶಿರಾಡಿ ಮುಚ್ಚಿದಾಗ ವಿಮಾನದ ಟಿಕೆಟ್‌ಗೆ ಎಂಟು ಸಾವಿರ ಕೊಟ್ಟಿದ್ದೆ. ಈಗ ಮಳೆಗಾಲದ ಟಿಕೆಟನ್ನು ಜೂನ್‌ಗೆ ಮೊದಲೇ ಕಾದಿರಿಸಿ, ಭಾರದ ಬಿಡಿಭಾಗಗಳನ್ನು ಎರಡು ದಿನ ಮುಂಚೆ ಬಸ್ಸಿನ ಪಾರ್ಸೆಲ್‌ನಲ್ಲಿ ಕಳುಹಿಸುತ್ತೇನೆ.