ದಿ ಸ್ಕಾರ್ಲೆಟ್ ಲೆಟರ್ ಓದೋದು ಹೇಗೆ: ಮಾಟುಂಗಾ, ಡೊಂಬಿವಲಿ ಕಡೆ ಲಿಟರೇಚರ್ ತಗೊಂಡಿರೋ ನಮ್ಮ ಹುಡುಗ್ರಿಗೆ

ಮೊದ್ಲು ಇಸವಿ ಬೇರೆ ಮಾಡ್ಕೊಳ್ಳಿ. ಹಾಥಾರ್ನ್ ಅವರ ಕಾದಂಬರಿ ಬಂದಿದ್ದು 1850ರಲ್ಲಿ, ಕಥೆ ನಡೆಯೋದು 1640ರ ದಶಕದ ಬಾಸ್ಟನ್‌ನಲ್ಲಿ, ಪ್ಯೂರಿಟನ್ನರು ಅಂದ್ರೆ ತುಂಬಾ ಕಟ್ಟುನಿಟ್ಟಿನ ಕ್ರೈಸ್ತರು, ಅವರ ಊರು ಅದು, ಪಾಪ ಅಂದ್ರೇನೇ ಅಪರಾಧ, ಪಾದ್ರಿ ಮಾತಿಗೂ ಕಾನೂನಿಗೂ ಅಂಥ ಫರಕ್ ಇಲ್ಲ. ಲೇಖಕರ ಪೂರ್ವಜರೊಬ್ರು 1692ರ ಸೇಲಂ ಮಾಟಗಾತಿ ವಿಚಾರಣೆಲಿ ಜಡ್ಜ್ ಆಗಿದ್ರು, ಇದನ್ನ ಆನ್ಸರ್‌ನಲ್ಲಿ ಖಂಡಿತ ಬರೀರಿ.

ಆಮೇಲೆ ಕಟ್ಟೆ ಸೀನ್‌ಗಳು, ಅಂದ್ರೆ ತಪ್ಪು ಮಾಡಿದವರನ್ನ ಜನರೆದುರು ನಿಲ್ಲಿಸೋ ಶಿಕ್ಷೆ ಕಟ್ಟೆ (ಸ್ಕ್ಯಾಫೋಲ್ಡ್), ಕಾದಂಬರಿ ನಿಂತಿರೋದೇ ಅದರ ಮೇಲೆ. ಲೋಕಲ್‌ನಲ್ಲಿ ಸೀಟ್ ಸಿಕ್ಕಿದ ದಿನ ಮೂರನ್ನೂ ಒಟ್ಟಿಗೆ ಓದಿ: ಶುರುನಲ್ಲಿ ಹಗಲು ಹೊತ್ತು ಜನರೆದುರು ಕೂಸು ಎತ್ಕೊಂಡು ನಿಂತ ಹೆಸ್ಟರ್ (ಮದುವೆಯಾಚೆ ಆ ಕೂಸು ಹೆತ್ತ ನಾಯಕಿ), 12ನೇ ಅಧ್ಯಾಯದಲ್ಲಿ ಊರೆಲ್ಲ ಮಲಗಿದ್ದ ರಾತ್ರಿ ಹತ್ತಿದ ಪಾದ್ರಿ ಡಿಮ್ಸ್‌ಡೇಲ್ (ಆ ಕೂಸಿನ ಗುಟ್ಟಿನ ಅಪ್ಪ), 23ರಲ್ಲಿ ಅದೇ ಪಾದ್ರಿ ಎಲ್ಲರೆದುರು. ಯಾರು ಯಾವಾಗ ಹತ್ತಿದ್ರು ಅಂತ ನೋಡಿದ್ರೆ ಗಿಲ್ಟ್ ಥೀಮ್ ತಾನಾಗೇ ಬಿಚ್ಕೊಳ್ಳುತ್ತೆ.

ಹೆಸ್ಟರ್ ಎದೆ ಮೇಲೆ ಶಿಕ್ಷೆಯಾಗಿ ತೊಡಬೇಕಾದ ಕೆಂಪು 'ಎ' ಅಕ್ಷರಕ್ಕೆ 'ಅಡಲ್ಟರಿ' (ವ್ಯಭಿಚಾರ) ಅಂತ ಒಂದೇ ಅರ್ಥ ಬರೀಬೇಡಿ. ಶಿಕ್ಷೆಯ ಗುರುತನ್ನೇ ಹೆಸ್ಟರ್ ಬಂಗಾರದ ದಾರದಲ್ಲಿ ಕಸೂತಿ ಹಾಕ್ತಾಳೆ, ಮುಂದೆ ಅದೇ ಜನ ಅದನ್ನ 'ಏಬಲ್' (ಸಮರ್ಥೆ) ಅಂತ ಓದ್ತಾರೆ, ನನಗಂತೂ ಇದೇ ಅವಳ ದೊಡ್ಡ ಗೆಲುವು. ಜೈಲು ಬಾಗಿಲ ಗುಲಾಬಿ ಗಿಡಕ್ಕೆ ಎರಡು ಸಾಲು ಸಾಕು.

ಮುನ್ನುಡಿ 'ಕಸ್ಟಮ್ ಹೌಸ್' ಉದ್ದ ಇದೆ, ಕಥೆ ಮುಗಿಸ್ಕೊಂಡೇ ಓದಿ.